ಹಲ್ಲಿಗೆ ಸಿಕ್ಕ ಕಾಫಿ ಬೀಜ

ಕಾಫಿ ಬೀಜದ ತೇವ ಅಳೆಯುವ ನನ್ನ ಸಂಶೋಧನೆಯ ಯಂತ್ರಕ್ಕೆ ವಿಶ್ವವಿದ್ಯಾಲಯ ಪೇಟೆಂಟ್ ಮಾಡಿಸಿತು, ಕಂಪನಿ ನಡೆಸಲು ಎರಡು ವರ್ಷಕ್ಕೆ ಕೋಣೆಯನ್ನೂ ಕೊಟ್ಟಿತು. ಒಬ್ಬ ಬೆಳೆಗಾರನಾದರೂ ಯಂತ್ರ ಕೊಂಡರೆ ಮಾತ್ರ ಅವಧಿ ಮುಂದುವರಿಯುತ್ತಿತ್ತು. ಕೊನೆಯ ವಾರ ಹೊಂಗಡಹಳ್ಳದ ಎಸ್ಟೇಟೊಂದಕ್ಕೆ ಹೋದೆ. ಕಣದಲ್ಲಿ ಹರಡಿದ್ದ ಬೀಜ ಒಣಗಿದೆಯೆಂದು ಯಂತ್ರ ತೋರಿಸಿತು. ಅಲ್ಲಿ ಆಳು-ಲೆಕ್ಕ ನೋಡಿಕೊಳ್ಳುವ ರೈಟರ್ ಒಂದು ಬೀಜ ಬಾಯಿಗೆ ಹಾಕಿ ಕಚ್ಚಿದರು.

"ಇನ್ನೂ ಎರಡು ಬಿಸ್ಲು ಬೇಕು ಕಣ್ರೀ. ನಿಮ್ ಮಿಷನ್‌ಗೆ ಹಲ್ಲೇ ಬಂದಿಲ್ವಲ್ಲ ಮಾರಾಯ್ರೆ!"

ನಾನೂ ಕಚ್ಚಿದೆ. ಬೀಜ ಇನ್ನೂ ಒಣಗದೆ ಮೆತ್ತಗಿತ್ತೆಂದು ಈಗ ನೆನಪು. ಅಂದಿನ ಟಿಪ್ಪಣಿಯಲ್ಲಿ ಮಾತ್ರ ಗಟ್ಟಿಯೆಂದು ನಾನೇ ಬರೆದಿದ್ದೇನೆ. ಯಾವುದನ್ನು ನಂಬಲಿ?

ಎಸ್ಟೇಟಿನವರು ಯಂತ್ರ ಕೊಳ್ಳಲಿಲ್ಲ. ಮರುವಾರ ಕೋಣೆಯ ಕೀಲಿ ಒಪ್ಪಿಸಿದೆ. ಆಲೂರಿನ ನಮ್ಮ ಮನೆಯ ಕಾಫಿ ಕಣದಲ್ಲಿ ಈಗ ನಾನೂ ಬೀಜ ಕಚ್ಚಿಯೇ ನೋಡುತ್ತೇನೆ, ಆದರೂ ಒಣಗಿದೆಯೋ ಇಲ್ಲವೋ ಖಚಿತವಾಗುವುದಿಲ್ಲ.