ತಂಗಿಯನ್ನು ಕೇಳಿಕೊಂಡು ಬಂದ ಹುಡುಗಿ

ನಿನ್ನೆ ಮಾಮಕ್ ಅಂಗಡಿಯವನು, ಅಂದರೆ ಇಲ್ಲಿಯ ತಮಿಳು ಮುಸ್ಲಿಮರ ಹೋಟೆಲಿನವನು, ಬಿಸಿ ಚಹಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಬಾಯಿಗೆ ದಾರ ಸುತ್ತಿ ಕೊಟ್ಟ. ಆ ಕಾದ ಪ್ಲಾಸ್ಟಿಕ್ಕಿನ ವಾಸನೆಗೆ ತಂಗಿ ನೆನಪಾದಳು. ಕೊರೊನಾ ಕಾಲದಲ್ಲಿ ನಾನು ಸಾಂಬಾರು ಕಟ್ಟುತ್ತಿದ್ದ ಚೀಲಗಳಲ್ಲೇ ಅವಳು ಕಾಂಡೋಮು, ಎಚ್‌ಐವಿ ಪರೀಕ್ಷೆಯ ಕಿಟ್ಟು ಕಟ್ಟುತ್ತಿದ್ದಳು...

ನಾನು ಓದಿದ್ದು ಏಳನೇ ಕ್ಲಾಸು. ಗಂಡ ಅಡುಗೆ ಮಾಡುತ್ತಿದ್ದ ಹೋಟೆಲ್ ಮುಚ್ಚಿದ್ದರಿಂದ, ಇಲ್ಲಿ ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿರುವ ಕನ್ನಡದವರ ಮನೆಗಳಿಗೆ ಊಟ ಕಳಿಸಿ ಸಂಸಾರ ತೂಗಿಸುತ್ತಿದ್ದೆ. ನಮ್ಮ ಜೊತೆಗಿದ್ದು ಓದುತ್ತಿದ್ದ ತಂಗಿ, ಕಾಲೇಜು ಮುಚ್ಚಿದ ಮೇಲೆ ಒಬ್ಬ ತಮಿಳು ಗೆಳತಿ, ಒಬ್ಬ ಮಲಯ್ ಗೆಳತಿಯ ಜೊತೆ ಈ ಕೆಲಸ ಹಿಡಿದಳು. ಯಾರಿಗೂ ಹೇಳಿಕೊಳ್ಳಲಾಗದ ಹುಡುಗಿಯರು ಇವರಿಗೆ ಫೋನ್ ಮಾಡುತ್ತಿದ್ದರು.

"ಅನ್ನ ಬೇಯೋ ಜಾಗದಲ್ಲಿ ಇದನ್ನೆಲ್ಲ ಹರಡ್ತೀಯಲ್ಲೇ, ನಾಚಿಕೆ ಇಲ್ವಾ?" ಅಂದರೆ, ಇಲ್ಲಿಯವರ ಹಾಗೆ ಮಾತಿಗೊಂದು 'ಲಾ' ಸೇರಿಸಿ ನಗುತ್ತಿದ್ದಳು.

"ಇವು ಕಚ್ಚಲ್ಲ ಲಾ, ಅಕ್ಕ. ನಿನ್ನ ಹಸಿಮೆಣಸಿನಕಾಯೇ ಜಾಸ್ತಿ ಡೇಂಜರ್."

ಒಮ್ಮೆ ತರಕಾರಿ ಹೆಚ್ಚುತ್ತಾ ಹೇಳಿದ್ದಳು, ಯಾರಾದರೂ ಬಲವಂತ ಮಾಡಿದರೆ ಮೂರು ದಿನದೊಳಗೆ ಮಾತ್ರೆ ಶುರು ಮಾಡಬೇಕು, ಆಗ ಎಚ್‌ಐವಿ ಅಂಟದ ಹಾಗೆ ತಡೆಯಬಹುದು, ಆಮೇಲೆ ಕೊಟ್ಟು ಪ್ರಯೋಜನವಿಲ್ಲ ಅಂತ. ಹೂಂ ಅಂದಿದ್ದೆ.

ಅಷ್ಟರಲ್ಲಿ ನಮ್ಮಲ್ಲಿ ಊಟ ತರಿಸುತ್ತಿದ್ದ ಮೈಸೂರಿನ ಆಂಟಿ ಫೋನ್ ಮಾಡಿದರು. "ನಿಮ್ಮನೆಗೆ ಎಂಥೆಂಥವರೋ ಬರ್ತಾರಂತಲ್ಲಮ್ಮ? ನಾವು ಊಟ ಮಾಡೋದು ನಿಮ್ಮ ಕೈಯಿಂದ..." ಅವತ್ತಿನಿಂದ ಗೇಟಿನ ಸದ್ದಾದರೆ ಒಲೆ ಬಿಟ್ಟು ಓಡಿ, ಅಕ್ಕಪಕ್ಕದವರು ನೋಡುತ್ತಿದ್ದಾರಾ ಅಂತ ಇಣುಕುತ್ತಿದ್ದೆ.

ಆ ಹುಡುಗಿ ಬಂದದ್ದು ಮಧ್ಯಾಹ್ನ. ತಂಗಿ ನನ್ನದೇ ಊಟದ ಚೀಲಗಳನ್ನು ಹಂಚಲು ಹೋಗಿದ್ದಳು. ಬಂದವಳ ಮೈಮೇಲೆ ಫ್ಯಾಕ್ಟರಿಯ ಅಂಗಿ, ಮುಖಕ್ಕೆ ಮಾಸ್ಕು. ಗೇಟಿನ ಸರಳು ಹಿಡಿದು ತಮಿಳಿನಲ್ಲಿ ತಂಗಿಯ ಹೆಸರು ಹೇಳಿದಳು. ನಿನ್ನೆ ಒಬ್ಬ ಬಲವಂತ ಮಾಡಿದ, ಫೋನಿನಲ್ಲಿ ಹೇಳಿದ್ದಕ್ಕೆ ಅವರು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾರೆ, ಈಗ ನನ್ನ ಫೋನನ್ನೂ ಅವನು ಕಿತ್ತುಕೊಂಡಿದ್ದಾನೆ ಅಂದಳು. ರಸ್ತೆಯಾಚೆ ಒಬ್ಬ ಬೈಕಿನ ಮೇಲೆ ಕೂತು ಇತ್ತಲೇ ನೋಡುತ್ತಿದ್ದ.

"ಅಂಥವರು ಯಾರೂ ಇಲ್ಲಿಲ್ಲ" ಅಂದೆ.

ಒಣಹಾಕಿದ್ದ ತಂಗಿಯ ಚೂಡಿದಾರವನ್ನು ಒಮ್ಮೆ ನೋಡಿದಳು. ಸರಳು ಬಿಟ್ಟು ಹೊರಟಳು. ಅವಳು ತಿರುವಿನಲ್ಲಿ ಮರೆಯಾದ ಮೇಲೆ ಬೈಕೂ ಅದೇ ದಾರಿಯಲ್ಲಿ ನಿಧಾನಕ್ಕೆ ಹೋಯಿತು...

"ಯಾರಾದ್ರೂ ಬಂದಿದ್ರಾ ಅಕ್ಕ?" ತಂಗಿ ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಇಲ್ಲ."

ಆ ಹುಡುಗಿಯಿದ್ದ ಫ್ಯಾಕ್ಟರಿ ಹಾಸ್ಟೆಲ್ಲಿಗೆ ತಂಗಿ ಹುಡುಕಿಕೊಂಡು ಹೋದರೆ ಕೊರೊನಾ ಅಂತ ಬಾಗಿಲಿಗೆ ಬೇಲಿ ಸುತ್ತಿದ್ದರಂತೆ. ಮೂರನೆಯ ದಿನ ಸಂಜೆಯವರೆಗೂ ಅವಳು ಗೇಟಿನ ಬಳಿಯೇ ಕೂತಿದ್ದಳು. ನಾನು ಒಳಗೆ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದೆ.

ಕೆಲವು ತಿಂಗಳ ಮೇಲೆ ಆ ಹುಡುಗಿ ತಂಗಿಗೂ ಅವಳ ಗೆಳತಿಯರಿಗೂ ಸಿಕ್ಕಳು. ಗೇಟಿನ ಮಾತೂ ಹೊರಬಿತ್ತು. ತಂಗಿ ಕೂಗಾಡಲಿಲ್ಲ. "ಮೂರು ದಿನ ಅಂತ ನಿನಗೆ ಗೊತ್ತಿತ್ತಲ್ವಾ?" ಅಂದಳು. ತಲೆಯಾಡಿಸಿದೆ. ಪರೀಕ್ಷೆಯಲ್ಲಿ ಏನು ಬಂತೇ ಎಂದು ಕಾಲು ಹಿಡಿಯುವ ಹಾಗೆ ಕೇಳಿದೆ.

"ಅದು ಅವಳ ವಿಷಯ. ನಿನ್ನ ಸಮಾಧಾನಕ್ಕೆ ಹೇಳೋಕಾಗಲ್ಲ."

ಆ ವಾರವೇ ಮನೆ ಬಿಟ್ಟಳು. ಈಗ ಬೇರೆ ಊರಿನಲ್ಲಿ ಇದೇ ಕೆಲಸ ಮಾಡುತ್ತಾಳೆ. ಅಮ್ಮನ ಜೊತೆ ಮಾತಾಡುತ್ತಾಳೆ, ನನ್ನ ಜೊತೆ ಇಲ್ಲ.

ಸಂಜೆ ಫ್ಯಾಕ್ಟರಿ ಬಸ್ಸು ನಿಂತಾಗ ಇಳಿಯುವ ಹುಡುಗಿಯರನ್ನೆಲ್ಲ ನೋಡುತ್ತೇನೆ. ಈಗ ಯಾರೂ ಮಾಸ್ಕ್ ಹಾಕುವುದಿಲ್ಲ. ಆದರೆ ನಾನು ಅವಳ ಮುಖವನ್ನೇ ನೋಡಿಲ್ಲ... ಎದುರಿಗೆ ಬಂದು ನಿಂತರೂ ಗೊತ್ತಾಗುವುದಿಲ್ಲ.