ಹೊಗೆಕೊಳವೆ ಇಲ್ಲದ ಹಡಗು

"ಅಮ್ಮಾ, ತಾತಾ ಆ ಕಪ್ಪಲ್ ಮಾಡೋಕೆ ಶುರು ಮಾಡಿದಾಗ ನೀನು ಹುಟ್ಟಿದ್ಯಾ?" ಎದುರುಮನೆಯಿಂದ ಬಂದವಳೇ ತೇಜು ಕೇಳಿದಳು. ಬೀದಿಯ ಮಕ್ಕಳಿಂದ ತಮಿಳು ಕಲಿತ ಮೇಲೆ ಅವಳ ಬಾಯಲ್ಲಿ ಹಡಗು ಕಪ್ಪಲ್ ಆಗಿತ್ತು.

"ಇಲ್ಲ ಕಣೇ."

"ಮತ್ತೆ ಇನ್ನೂ ಯಾಕೆ ಮುಗೀಲಿಲ್ಲ?"

ಏಳು ವರ್ಷದ ಮಗಳಿಗೆ ವೃಂದಾ ಏನೆಂದು ಹೇಳಿಯಾಳು? ಪುರಸೈವಾಕ್ಕಂನ ಈ ಮನೆಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಎದುರುಮನೆಯ ಗುರುಬಸಪ್ಪನವರು ಐವತ್ತು ವರ್ಷ ಮದರಾಸಿನಲ್ಲಿದ್ದೂ ಗದಗಿನ ಮಾತು ಬಿಟ್ಟವರಲ್ಲ, ಪೂಜೆ ಮುಗಿಯದೆ ಕಾಫಿ ಮುಟ್ಟುವವರಲ್ಲ. ಅಷ್ಟೇ ಅವಳಿಗೆ ಗೊತ್ತಿದ್ದದ್ದು. ಮೊನ್ನೆ ಅಟ್ಟದಿಂದ ಅವರು ಒಂದು ಪೆಟ್ಟಿಗೆ ಇಳಿಸಿದ್ದರು. ಅದರಲ್ಲಿತ್ತು ಬಿಡಿ ತುಂಡು ಅಂಟಿಸಿ ಕಟ್ಟುವ ಮೊಳದುದ್ದದ ಪ್ಲಾಸ್ಟಿಕ್ ಯುದ್ಧನೌಕೆ, ಅರ್ಧ ಕಟ್ಟಿದ್ದು.

ಸಂಜೆ ವೃಂದಾ ತೇಜುವಿನೊಡನೆ ಸಾರು ಕೊಡಲು ಹೋದಾಗ ಅವರೇ ಮಾತು ತೆಗೆದರು.

"ಎಪ್ಪತ್ನಾಲ್ಕರಾಗ ನೋಡ್ರಿ, ತಂಗಿ. ನಾನೂ ನನ್ನ ಗೆಳ್ಯಾ ಸಿದ್ಧಲಿಂಗೇಶನೂ ಪ್ಯಾರೀಸ್ ಕಾರ್ನರ್‌ದಾಗ ಒಂದ ಅಂಗಡಿ ಗುಮಾಸ್ತರು. ತ್ರಿಪ್ಲಿಕೇನ್‌ದಾಗ ಒಂದ ಖೋಲಿ, ಇಬ್ಬರಿಗೂ ಒಂದ ಬಕೆಟ್. ಬಂದರದ ಹೊರಗ ಒಬ್ಬ ಖಲಾಸಿ ಇದನ್ನ ಮಾರಾಕ ಕುಂತಿದ್ದ. ಎಂಟು ದಿನ ರಾತ್ರಿ ಊಟಾ ಬಿಟ್ಟು ತಗೊಂಡ್ವಿ!"

ಆಗ ಭಾನುವಾರ ಬಂತೆಂದರೆ ಅದೇ ಕೆಲಸವಂತೆ. ಕೆಳಗಿನ ಮೆಸ್ಸಿನಿಂದ ಹುಳಿಯ ಒಗ್ಗರಣೆ ಘಮಘಮಿಸುತ್ತಿತ್ತು. ಗುರುಬಸಪ್ಪ ಅಂಟು ಹಚ್ಚಬೇಕು, ಸಿದ್ಧಲಿಂಗೇಶ ಒತ್ತಿ ಹಿಡಿಯಬೇಕು. ಗಡಿಯಾರವಿಲ್ಲ, ಸಣ್ಣ ತುಂಡಿಗೆ ಒಂದು ವಚನ ಹೇಳುವಷ್ಟು ಹೊತ್ತು, ದೊಡ್ಡದಕ್ಕೆ ಮೂರು. ಹಡಗಿನ ಎರಡು ಹೋಳು ಕೂಡಿಸಿ, ಮೇಲಿನ ಹಲಗೆ ಮುಚ್ಚಲು ಐದು ವಚನ ಹಿಡಿದಿದ್ದವಂತೆ.

ಮರುದಿನ ನೋಡಿದರೆ ಹೊಗೆಕೊಳವೆ ಇಲ್ಲ.

"ಕಸಾ ಹೊಡಿಯೋವಾಗ ನೀನ ಚೆಲ್ಲೀದಿ ಅಂದ್ನಿ. ಇಲ್ಲಪಾ ಅಂದ. ಸುಳ್ಳ ಬೊಗಳಬ್ಯಾಡ ಅಂದ್ನಿ. ಮೂರನೇ ದಿನ ಟ್ರಂಕು ಹೊತ್ಗೊಂಡು ಹೋದ."

ಅಂದಿನಿಂದ ಮದುವೆಮನೆಯಲ್ಲಿ ಎದುರಾದರೂ ಇಬ್ಬರಿಗೂ ಮಾತಿಲ್ಲ. ಈಗ ಸಿದ್ಧಲಿಂಗೇಶ ದಾವಣಗೆರೆಯ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾನೆಂದು ಸುದ್ದಿ ಬಂದಿದೆ.

"ಪೆನ್ನಿನ ಮುಚ್ಚಳಾ ಕತ್ತರಿಸಿ ಕೊಳವಿ ಮಾಡ್ತೀನಿ. ಹಡಗ ಮುಗಿಸಿ ಕಳಸತೀನಿ. ನಾ ಮಾಫ್ ಮಾಡೇನಿ ಅಂತ ಅವಂಗ ತಿಳೀಲಿ. ಜೀವ ಇದ್ದಾಗನ ತಿಳೀಲಿ."

ಅಷ್ಟರಲ್ಲಿ ತೇಜು ಹಡಗನ್ನು ತಲೆಕೆಳಗು ಹಿಡಿದು ಅಲ್ಲಾಡಿಸಿದಳು. ವೃಂದಾ "ಏಯ್!" ಎಂದು ಗದರುವುದಕ್ಕೂ ಒಳಗೆ ಟಕ್ಕೆಂದು ಏನೋ ಕಳಚುವುದಕ್ಕೂ ಸರಿಹೋಯಿತು.

"ತಾತಾ, ಒಳಗೆ ಏನೋ ಇರುಕ್ಕು!"

ಮುದುಕರು ಬ್ಲೇಡು ತಂದರು. ವೃಂದಾ ಅದನ್ನು ಇಸಿದುಕೊಂಡು ಹಲಗೆಯ ಅಂಚಿನ ಹಳೆಯ ಅಂಟಿನ ಮೇಲೆ ನಿಧಾನವಾಗಿ ಆಡಿಸಿದಳು. ಹಲಗೆ ಎದ್ದಿತು. ಬೂದುಬಣ್ಣದ ಹೊಗೆಕೊಳವೆ ಅಂಗೈಗೆ ಉದುರಿತು. ಅದರ ಒಂದು ಮಗ್ಗುಲಿಗೆ ಹೆಪ್ಪುಗಟ್ಟಿದ ಅಂಟಿನ ಮುದ್ದೆ.

ಗುರುಬಸಪ್ಪ ಆ ಮುದ್ದೆಯನ್ನು ಉಗುರಿನಿಂದ ಕೆರೆದರು. "ಅಂಟು ಹಚ್ಚಾಂವ ನಾನು," ಎಂದರು. "ಕೊಳವಿ ಒಳಗ ಬಿದ್ದದ್ದ ನೋಡಲಿಲ್ಲ, ಅಂಟು ಚೆಲ್ಲಿ ಮ್ಯಾಲ ಮುಚ್ಚಿಬಿಟ್ಟೀನಿ."

ತೇಜು ಕುಣಿಯುತ್ತಿದ್ದಳು. ವೃಂದಾ ಕೊಳವೆಯನ್ನು ಉರುಳಿಹೋಗದಂತೆ ಸ್ಟೀಲ್ ಲೋಟಕ್ಕೆ ಹಾಕಿ, "ಅವರಿಗೆ ಫೋನ್ ಮಾಡ್ಕೊಡ್ಲಾ?" ಎಂದು ಮೆಲ್ಲಗೆ ಕೇಳಿದಳು.

"ಬ್ಯಾಡ್ರಿ. ನನ್ನ ದನಿ ಕೇಳಿದ್ರ ಇಟ್ಟಬಿಡ್ತಾನ." ಅವರು ಮೇಜಿನ ಖಾನೆಯಿಂದ ಇನ್‌ಲ್ಯಾಂಡ್ ಪತ್ರವೊಂದನ್ನು ತೆಗೆದು ಅವಳ ಮುಂದೆ ಸರಿಸಿದರು. "ನನ್ನ ಅಕ್ಷರ ಈಗ ಯಾರಿಗೂ ತಿಳಿಯಂಗಿಲ್ಲ. ನೀವ ಬರಕೊಡ್ರಿ, ತಂಗಿ. ಕ್ಷೇಮ, ಆರೋಗ್ಯ ಎಲ್ಲಾ ಆಮ್ಯಾಲ. ಮೊದಲನೇ ಸಾಲಿನಾಗನ ಬರೀರಿ, ಕೊಳವಿ ಕಳದಾಂವ ನಾನು ಅಂತ."