ಕೆಂಪು ತುದಿಯ ಪೆನ್ಸಿಲ್

ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ ಆ ಚೀಟಿ ಕಂಡಾಗ ನನ್ನ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ‘ದನಗಳ ಹಳೆಯ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿಕೊಡಬೇಕು, ತಾಳ್ಮೆ ಇರುವವರು ಬೇಕು’ ಎಂದಿತ್ತು. ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ, ಬೇಕಾದರೆ ನನ್ನ ಗಂಡನನ್ನು ಕೇಳಿ. ಆದರೆ ಮೊದಲು ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿದ್ದಾಗ, ಆಮೇಲೆ ಮೆಲ್ಬರ್ನಿಗೆ ಬಂದ ಮೇಲೆ, ನಾನು ಮಾಡಿದ್ದೆಲ್ಲ ಡೇಟಾ ಕೆಲಸವೇ. ಮನೆಯಲ್ಲಿ ಕೂತು ಕೂತು ಎಲ್ಲರ ಮೇಲೂ ರೇಗುತ್ತಿದ್ದೆ. ಫೋನ್ ಮಾಡಿದೆ.

ಫಾರ್ಮ್ ನಮ್ಮ ಕ್ಲೈಡ್ ನಾರ್ತ್‌ನಿಂದ ಕಾರಿನಲ್ಲಿ ನಲವತ್ತು ನಿಮಿಷ. ಹೊಸ ಮನೆಗಳ ಸಾಲು ಮುಗಿಯುತ್ತಲೇ ಬೇಲಿ, ಬೇಲಿಯಾಚೆ ಹುಲ್ಲು, ಹುಲ್ಲಿನಲ್ಲಿ ಕರಿ ದನಗಳು. ಯಜಮಾನಿ ಎಪ್ಪತ್ತು ದಾಟಿದ ಒಂಟಿ ಹೆಂಗಸು. ಮನೆಯಲ್ಲಿ ನಾವು ಅವರನ್ನು ಕರಿ ಹಸುವಿನ ಅಜ್ಜಿ ಎನ್ನುತ್ತೇವೆ, ಇಲ್ಲೂ ಅಜ್ಜಿ ಎಂದೇ ಬರೆಯುತ್ತೇನೆ. ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ, ನನಗೆ ನೆನಪಿರುವುದು ಕನ್ನಡದಲ್ಲಿ.

ಇವು ಹಾಲಿನ ಹಸುಗಳಲ್ಲ, ಮಾಂಸದ ದನ. ಅದನ್ನು ಅಜ್ಜಿ ಮೊದಲ ದಿನವೇ ಹೇಳಿ, “ನಿನಗೆ ಕಷ್ಟ ಆದರೆ ಈಗಲೇ ಹೇಳು, ನಾನು ಬೇಜಾರು ಮಾಡಿಕೊಳ್ಳಲ್ಲ” ಎಂದರು. ನಾನು ಕೋಲೆ ಬಸವನ ಹಾಗೆ ತಲೆಯಾಡಿಸಿದೆ. ಹೌದು ಎಂದೆನೋ ಇಲ್ಲ ಎಂದೆನೋ ನನಗೇ ಗೊತ್ತಾಗಲಿಲ್ಲ. ಆಮೇಲೆ ಅವರು ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟರು. ಇಪ್ಪತ್ತಮೂರು ಪುಸ್ತಕ, ವರ್ಷಕ್ಕೊಂದು. ನೋಡಿ ನಾನು ಅಲ್ಲೇ ಸೋತೆ.

ಪ್ರತಿ ಹಸುವಿಗೂ ಒಂದು ನಂಬರು. ಯಾವ ಹೋರಿಗೆ ಬಿಟ್ಟದ್ದು, ಎಂದು ಈದದ್ದು, ಕರು ಹುಟ್ಟಿದಾಗ ಎಷ್ಟು ತೂಕ, ತಾಯಿಯಿಂದ ಬಿಡಿಸಿದಾಗ ಎಷ್ಟು, ತಾಯಿ ಸಾಧುವೋ ಹಾಯುವವಳೋ, ಎಲ್ಲ ಒಂದೇ ಸಾಲಿನಲ್ಲಿ. ಆಗಸ್ಟಿನ ಚಳಿಮಳೆಯಲ್ಲೂ ದಿನಕ್ಕೆರಡು ಸಲ ಹುಲ್ಲುಗಾವಲು ಸುತ್ತಿ, ಹುಟ್ಟಿದ ಕರುವನ್ನು ಜೋಲಿಯಲ್ಲಿಟ್ಟು ತೂಕ ಮಾಡಿ, ಎದೆಯ ಜೇಬಿನಿಂದ ಪೆನ್ಸಿಲ್ ತೆಗೆದು ನಿಂತಲ್ಲೇ ಬರೆದದ್ದು. ಮನೆಗೆ ಬಂದು ಬರೆಯೋಣ ಎಂದರೆ ಮನಸ್ಸು ಒಂದೆರಡು ಕಿಲೋ ಸೇರಿಸಿಬಿಡುತ್ತದಂತೆ. “ಕಣ್ಣಿಗೆ ಇಷ್ಟವಾದ ದನದ ಬಗ್ಗೆ ಕಣ್ಣು ಸುಳ್ಳು ಹೇಳುತ್ತೆ, ಪುಸ್ತಕ ಹೇಳಲ್ಲ” ಎನ್ನುತ್ತಿದ್ದರು. ನನ್ನ ಆಫೀಸಿನ ದೊಡ್ಡ ದೊಡ್ಡ ಮ್ಯಾನೇಜರುಗಳನ್ನು ತಂದು ಈ ಅಜ್ಜಿಯ ಮುಂದೆ ಕೂರಿಸಬೇಕು ಅನ್ನಿಸುತ್ತಿತ್ತು.

ಆ ಪೆನ್ಸಿಲ್ಲಿಗೆ ಒಂದು ತುದಿ ನೀಲಿ, ಇನ್ನೊಂದು ಕೆಂಪು. ನಮ್ಮ ಪ್ರೈಮರಿ ಶಾಲೆಯ ಮೇಷ್ಟರ ಜೇಬಿನಲ್ಲಿ ಇರುತ್ತಿದ್ದಂಥದೇ. ಪುಸ್ತಕಗಳಲ್ಲಿ ಅಲ್ಲಲ್ಲಿ ಕೆಂಪು ಸಾಲುಗಳಿದ್ದವು. ಹಸುವಿನ ನಂಬರು, ಹೋರಿಯ ನಂಬರು, ತಾರೀಖು, ತೂಕದ ಜಾಗದಲ್ಲಿ ಬರೀ ಒಂದು ಗೀಟು. ಕೆಂಪು ಎಂದರೆ ತಪ್ಪು ಎಂದು ಕಲಿತು ಬೆಳೆದವಳು ನಾನು. ತಪ್ಪಾಗಿ ಬರೆದು ರದ್ದು ಮಾಡಿದ ಸಾಲುಗಳಿರಬೇಕು ಎಂದುಕೊಂಡು ಒಂದೊಂದನ್ನೂ ದಾಟಿ ಮುಂದೆ ಹೋದೆ. ಅಜ್ಜಿ ಪಕ್ಕದ ಕೋಣೆಯಲ್ಲೇ ಇರುತ್ತಿದ್ದರು. ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಡೇಟಾ ಗೊತ್ತಿರುವವಳು ನಾನಲ್ಲವೇ, ಕೇಳಲಿಲ್ಲ.

ಅಕ್ಟೋಬರಿನಲ್ಲಿ ಹೋರಿ ಬಿಡುವ ಕಾಲ ಬಂತು. ಆ ವರ್ಷ ಇಪ್ಪತ್ತೆರಡು ಕಡಸುಗಳು ಮೊದಲ ಸೂಲಿಗೆ ಸಿದ್ಧವಾಗಿದ್ದವು. ಹಿಂಡಿನಲ್ಲೇ ಹುಟ್ಟಿ ಬೆಳೆದ ಇಬ್ಬರು ಎಳೆಯ ಹೋರಿಗಳಲ್ಲಿ ಯಾರನ್ನು ಅವುಗಳ ಜೊತೆ ಬಿಡುವುದು ಎಂಬುದೇ ಅಜ್ಜಿಯ ಯೋಚನೆ. ಚೊಚ್ಚಲ ಹಸುವಿಗೆ ಕರು ಸಣ್ಣದಾಗಿ ಹುಟ್ಟಬೇಕು. ದೊಡ್ಡದಾದರೆ ಸಿಕ್ಕಿಕೊಂಡು ಕರುವೂ ಹೋಗುತ್ತದೆ, ಒಮ್ಮೊಮ್ಮೆ ತಾಯಿಯೂ. ನಾನು ಇಪ್ಪತ್ತಮೂರು ವರ್ಷದ ಲೆಕ್ಕ ಕೂಡಿಸಿ ಚೆಂದದ ವರದಿ ಮಾಡಿಕೊಟ್ಟೆ. ನಲವತ್ತೇಳು ಎಂಬ ಹಳೆಯ ಹೋರಿಯ ವಂಶದ ಕರುಗಳು ಎಲ್ಲರಿಗಿಂತ ಚೆನ್ನಾಗಿ ಬೆಳೆದಿದ್ದವು, ಹುಟ್ಟುವಾಗ ತೂಕ ಹೆಚ್ಚಿದ್ದರೂ ಒಂದು ತೊಂದರೆಯೂ ಕಾಣಲಿಲ್ಲ. ಎಳೆಯ ಹೋರಿಗಳಲ್ಲಿ ಒಬ್ಬ ಅದರ ಮೊಮ್ಮಗ. ಅವನನ್ನೇ ಬಿಡಿ ಎಂದೆ.

ಅಜ್ಜಿ ವರದಿಯನ್ನು ಬಹಳ ಹೊತ್ತು ನೋಡಿದರು. “ನನಗೇನೋ ಇನ್ನೊಬ್ಬನೇ ಸರಿ ಅನ್ನಿಸಿತ್ತು” ಎಂದರು. ಆಮೇಲೆ ನಕ್ಕರು. “ಪುಸ್ತಕ ಹೀಗೆ ಹೇಳುವಾಗ ನನಗೆ ಅನ್ನಿಸುವುದಕ್ಕೆ ಏನು ಬೆಲೆ? ಆಗಲಿ, ಸೋಮವಾರ ಇವನನ್ನೇ ಬಿಡೋಣ.”

ಅದರ ಹಿಂದಿನ ಭಾನುವಾರ ನನ್ನನ್ನೂ ನಮ್ಮ ಅತ್ತೆಯನ್ನೂ ಟೀಗೆ ಕರೆದಿದ್ದರು. ಅತ್ತೆ ಕೋಲಾರದ ಕಡೆಯವರು, ಮದುವೆಯಾದಾಗಿನಿಂದ ಕೊಟ್ಟಿಗೆಯಲ್ಲೇ ಕೈ ಸವೆಸಿದವರು, ಈಗ ನಮ್ಮ ಜೊತೆ ಇಲ್ಲಿದ್ದಾರೆ. ಕಾರಿನಲ್ಲಿ ಅವರು, “ಒಂದೊಂದು ಎಷ್ಟು ಲೀಟರ್ ಕೊಡ್ತವಮ್ಮ?” ಎಂದು ಕೇಳಿದಾಗ ಸುಳ್ಳು ಹೇಳುವ ಧೈರ್ಯ ಬರಲಿಲ್ಲ.

“ಹಾಲು ಕರೆಯಲ್ಲ ಅತ್ತೆ. ಇವು ಮಾಂಸಕ್ಕೆ.”

ಎರಡು ರೌಂಡ್‌ಅಬೌಟ್ ದಾಟಿದೆವು. ಕಾರು ತಿರುಗಿಸು ಎನ್ನುತ್ತಾರೆ ಎಂದುಕೊಂಡೆ.

“ಕೊಲ್ಲೋಕೆ ಸಾಕೋರು ಹೆಂಗೆ ಸಾಕ್ತಾರೆ, ಅದನ್ನೂ ನೋಡೇಬಿಡಾಣ ನಡಿ” ಎಂದರು.

ಅಲ್ಲಿ ಅತ್ತೆ ಟೀ ಮುಟ್ಟುವ ಮೊದಲೇ ಬೇಲಿಯ ಹತ್ತಿರ ಹೋಗಿ ನಿಂತರು. ಕಡಸುಗಳ ಸೊಂಟ ನೋಡಿದರು, ಗೊರಸು ನೋಡಿದರು, “ಮೈ ಚೆನ್ನಾಗಿ ಇಟ್ಟವಳೆ” ಎಂದು ಒಪ್ಪಿಕೊಂಡರು. ಒಳಗೆ ಬಂದ ಮೇಲೆ ನಾನೂ ಅಜ್ಜಿಯೂ ಮಾತಾಡುತ್ತಿದ್ದಾಗ ಅವರು ಸುಮ್ಮನೆ ಒಂದು ಪುಸ್ತಕ ತಿರುವಿ ಹಾಕುತ್ತಿದ್ದರು. ಇಂಗ್ಲಿಷ್ ಓದಲು ಬಾರದು, ಅಂಕಿ ಬರುತ್ತದೆ.

“ಈ ನಲವತ್ತೇಳು ಯಾರೇ? ಕೆಂಪಲ್ಲಿ ಬರ್ದಿರೋ ಕಡೆಯೆಲ್ಲ ಇವನೇ ಅವ್ನೆ.”

ಟೀ ಕೆಳಗಿಟ್ಟು ಪುಸ್ತಕವನ್ನು ನನ್ನ ಕಡೆ ಎಳೆದುಕೊಂಡೆ. ಅತ್ತೆ ಕೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಿ, ಕೆಂಪು ಸಾಲು ಎಂದರೆ ಏನು ಎಂದು ಅಜ್ಜಿಯನ್ನು ಕೇಳಿದೆ. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ.

“ಸತ್ತು ಹುಟ್ಟಿದ ಕರುಗಳು” ಎಂದರು ಅಜ್ಜಿ. “ನಿನಗೆ ಗೊತ್ತಲ್ಲ? ನೀನು ಏರಿಸಿದ್ದೀಯಲ್ಲ?”

ನಲವತ್ತೇಳರ ದೊಡ್ಡ ಕರುಗಳಲ್ಲಿ ಬದುಕಿದವು ಮಾತ್ರ ನನ್ನ ಲೆಕ್ಕಕ್ಕೆ ಬಂದಿದ್ದವು. ದೊಡ್ಡದಾಗಿ ಹುಟ್ಟಿ ಬದುಕಿದ ಕರು ಚೆನ್ನಾಗಿಯೇ ಬೆಳೆಯುತ್ತದೆ, ಅದರಲ್ಲೇನು ಆಶ್ಚರ್ಯ? ಸತ್ತವನ್ನು ನಾನು ದಾಟಿ ಹೋಗಿದ್ದೆ. ಮಾರನೆಯ ಬೆಳಿಗ್ಗೆ ಇಪ್ಪತ್ತೆರಡು ಕಡಸುಗಳ ಜೊತೆ ಅವನ ಮೊಮ್ಮಗ ಇರುತ್ತಿದ್ದ. ಅಜ್ಜಿ ತನಗೆ ಅನ್ನಿಸಿದ್ದನ್ನು ಬದಿಗಿಟ್ಟು ನಂಬಿದ್ದು ಪುಸ್ತಕವನ್ನು, ಆ ಪುಸ್ತಕದ ಬಾಯಿ ಮುಚ್ಚಿಸಿದವಳು ನಾನು. ಭೂಮಿ ಬಾಯಿಬಿಟ್ಟರೆ ಸಾಕು ಎನ್ನಿಸಿತು. ಎಲ್ಲ ಹೇಳಿದೆ. ಶಾಲೆಯ ಮೇಷ್ಟರ ಪೆನ್ಸಿಲ್ಲಿನ ಕಥೆಯನ್ನೂ ಹೇಳಿದೆ.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಸಲೀಸಾಗಿತ್ತು. ಒಂದು ಹಳೆಯ ಪುಸ್ತಕ ತೆಗೆದು, ಒಂದು ಕೆಂಪು ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದರು. ಸಾಲಿನ ಕೊನೆಯಲ್ಲಿ ಎರಡು ಪದ ಸಣ್ಣದಾಗಿ ಬರೆದಿತ್ತು: ಆಯ್ಕೆ ನನ್ನದು. ನಲವತ್ತೇಳರ ಚೆಲುವಿಗೆ ಮರುಳಾಗಿ ಅವನನ್ನು ಚೊಚ್ಚಲ ಹಸುಗಳಿಗೆ ಬಿಟ್ಟ ವರ್ಷವಂತೆ ಅದು. ಕರುವೂ ಹೋಗಿತ್ತು, ತಾಯಿಯೂ ಹೋಗಿತ್ತು.

“ನನಗೆ ವಯಸ್ಸಾಯಿತು, ಇದೆಲ್ಲ ಮರೆಯುತ್ತೆ. ಮರೆಯಬಾರದು ಅಂತಲೇ ಬರೆದದ್ದು. ನಾಳೆ ಇನ್ನೊಬ್ಬನನ್ನು ಬಿಡೋಣ. ನೀನು ಮೊದಲ ಪುಸ್ತಕದಿಂದ ಮತ್ತೆ ಶುರು ಮಾಡು.”

ಅಷ್ಟೇ. ಎಪ್ಪತ್ತು ದಾಟಿದ ಮೇಲೂ ತನ್ನ ತಪ್ಪಿನ ಪುಟವನ್ನು ಪರರ ಮುಂದೆ ಹೀಗೆ ತೆರೆದಿಡುವ ಎದೆ ನನಗಂತೂ ಇಲ್ಲ. ನಾನು ಆ ಅಜ್ಜಿಯನ್ನು ಅವತ್ತಿನಿಂದ ಪ್ರೀತಿಸುತ್ತೇನೆ.

ವಾಪಸು ಬರುವಾಗ ಅತ್ತೆ ಕಿಟಕಿಯ ಕಡೆಗೇ ನೋಡುತ್ತಿದ್ದರು. “ನಾವು ಹಸೂನ ತಾಯಿ ಅಂದ್ವಿ, ಪೂಜೆ ಮಾಡಿದ್ವಿ. ಸತ್ತ ಕರು ಹಾಕಿದ್ರೆ ಮಾತ್ರ ತಿಪ್ಪೆ ಹಿಂದೆ ಹೂತು, ಆ ಮಾತು ಎತ್ತಬಾರದು ಅಂತಿದ್ವಿ” ಎಂದರು.

ಮುಂದಿನ ಆಗಸ್ಟಿನಲ್ಲಿ ಕಡಸುಗಳು ಈಯತೊಡಗಿದವು. ಒಂದು ಕರುವನ್ನೂ ಎಳೆದು ತೆಗೆಯಬೇಕಾಗಲಿಲ್ಲ, ಎಲ್ಲವೂ ತಾವಾಗಿಯೇ ಈದವು. ಒಂದೇ ಒಂದು ಕರು, ಮಳೆ ಹಿಡಿದ ದಿನ, ಸತ್ತು ಹುಟ್ಟಿತು. ಅಜ್ಜಿ ಫೋನ್ ಮಾಡಿ ಬರಲು ಹೇಳಿದರು, ಅತ್ತೆಗೆ ವಿಷಯ ತಿಳಿಸಿ ಹೊರಟೆ. ಹೋದಾಗ ಗೇಟಿನ ಹತ್ತಿರವೇ ಪುಸ್ತಕವನ್ನೂ ಪೆನ್ಸಿಲನ್ನೂ ನನ್ನ ಕೈಗೆ ಕೊಟ್ಟರು. ತಾಯಿ ಇನ್ನೂ ಕರುವನ್ನು ನೆಕ್ಕುತ್ತಾ ನಿಂತಿತ್ತು. ಕೆಂಪು ತುದಿ ತಿರುಗಿಸಿಕೊಂಡು ನಿಂತಲ್ಲೇ ಬರೆದೆ.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದರು.

“ಬರ್ದ್ಯಾ?”

“ಬರೆದೆ ಅತ್ತೆ.”

“ತಾಯಿ ನಂಬರೂ?”

“ಅದನ್ನೂ.”

ಅವರು ಇನ್ನೊಂದು ಹಿಡಿ ಕಾಯಿ ಬಿಡಿಸಿದರು. ಆಮೇಲೆ ತಲೆ ಎತ್ತದೆ ಹೇಳಿದರು. “ನಮ್ ಮನೇಲಿ ಒಂದು ಕೊಂಬು ಮುರಿದ ಹಸು ಇತ್ತು. ಎರಡನೇ ಸೂಲಿಂದು ಸತ್ತು ಹುಟ್ತು, ಹೆಣ್ಗರು. ನಿನ್ ಗಂಡ ಆಗ ಹೊಟ್ಟೇಲಿದ್ದ, ನನ್ನ ಹತ್ರ ಯಾರೂ ಹೇಳಲಿಲ್ಲ. ಹಸು ಮೂರು ದಿನ ಕೂಗ್ತು, ಅದರಿಂದಾನೇ ಗೊತ್ತಾಯ್ತು. ಅದನ್ನೂ ಎಲ್ಲಾದ್ರೂ ಒಂದ್ ಕಡೆ ಬರ್ದಿಡಮ್ಮ.”

ಮಗಳ ಪೆನ್ಸಿಲ್ ಬಾಕ್ಸಿನಲ್ಲಿ ಕೆಂಪು ಹುಡುಕಿ ತಂದೆ. ಹಸುವಿಗೆ ನಂಬರು ಇರಲಿಲ್ಲ, ಕೊಂಬು ಮುರಿದದ್ದು ಎಂದು ಬರೆದೆ.